ಬರ ಕೊಟ್ಟರೂ ಬ್ಯಾಂಡ್ ಬರಲಿಲ್ಲವೇ? ರಾಗಿ ಎಲೆಯ ಪ್ರೋಟೀನ್ ಪ್ರಯೋಗದಲ್ಲಿ ದೋಷ ಹುಡುಕುವ ಬಗೆ

ಎರಡು ವಾರ ರಾಗಿ ಗಿಡಕ್ಕೆ ನೀರು ಬಿಗಿ ಹಿಡಿದಿದ್ದೀರಿ. ಎಲೆ ಕೊಯ್ದು, ಅರೆದು, ಜೆಲ್ ಓಡಿಸಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ), ಬ್ಲಾಟ್ ಮಾಡಿದ್ದೀರಿ (ಅವನ್ನು ಪೊರೆಗೆ ಇಳಿಸಿ, ಬೇಕಾದ ಪ್ರೋಟೀನ್‌ಗೆ ಅಂಟುವ ಆಂಟಿಬಾಡಿಯಿಂದ ಹುಡುಕಿದ್ದೀರಿ). ಒಂದೊಂದು ಎಲೆಯ ರಸ ಓಡುವ ಸಾಲು ಲೇನ್, ಅದರಲ್ಲಿ ಪ್ರೋಟೀನ್ ತೋರುವ ಗೆರೆ ಬ್ಯಾಂಡ್. ರಾತ್ರಿ ಒಂಬತ್ತಕ್ಕೆ ಚಿತ್ರ ತೆಗೆದು ನೋಡಿದರೆ ನೀರು ಹಾಕಿದ ಗಿಡದ ಲೇನೂ ಬರದ ಗಿಡದ ಲೇನೂ ಒಂದೇ ಥರ. ಬರಕ್ಕೆ ಗಿಡ ಏನೂ ಮಾಡಲೇ ಇಲ್ಲವೇನೋ ಅನ್ನುವ ಹಾಗೆ.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಆಂಟಿಬಾಡಿ ಬಾಟಲಿಗೆ. ಹೊಸದು ತರಿಸೋಣ, ಬೇರೆ ಕಂಪನಿಯದು ನೋಡೋಣ ಅಂತ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ನಾನು ಕಂಡ ಹಾಗೆ ಈ ಕೆಲಸದ ಬಹುಪಾಲು ದೋಷಗಳು ಕುಂಡದಲ್ಲಿ, ಇಲ್ಲವೇ ಎಲೆ ಕೊಯ್ದ ಹೊತ್ತಿನಲ್ಲಿ ಇರುತ್ತವೆ. ಜೆಲ್ ಅದನ್ನು ತೋರಿಸುತ್ತದೆ ಅಷ್ಟೆ. ಹಾಗಾಗಿ ಈ ಬರಹ ಕುಂಡದಿಂದ ಶುರುವಾಗಿ ಬ್ಲಾಟ್ ಕಡೆಗೆ ಹೋಗುತ್ತದೆ. ಉದಾಹರಣೆಗೆ ರಾಗಿಯನ್ನೇ ಇಟ್ಟುಕೊಂಡಿದ್ದೇನೆ. ನಮ್ಮ ಬೆಳೆ, ಬರ ತಡೆಯುವ ಬೆಳೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಎಂಎಲ್-365 ತಳಿಯ ಜೀನೋಮ್ 2017ರಲ್ಲಿ ಪ್ರಕಟವಾದ ಮೇಲೆ ಪ್ರೋಟೀನ್ ಗುರುತು ಹಿಡಿಯುವುದೂ ಸುಲಭವಾಗಿದೆ.

ಏನು ಕಾಣಬೇಕು ಅನ್ನೋದು ಮೊದಲು ಗೊತ್ತಿರಲಿ

ಮಣ್ಣು ಒಣಗಿದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನ್ ಏರುತ್ತದೆ. ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನ್‌ಗಳು ಯಾವುವು ಅಂತ ಗಟ್ಟಿಯಾಗಿ ಗೊತ್ತಾದದ್ದು 2009ರಲ್ಲಿ. ನೀರು ಚೆನ್ನಾಗಿದ್ದಾಗ ಪಿಪಿ2ಸಿ ಅನ್ನುವ ಪ್ರೋಟೀನ್‌ಗಳು ಎಸ್‌ಎನ್‌ಆರ್‌ಕೆ2 ಅನ್ನುವ ಕೈನೇಸ್‌ಗಳನ್ನು (ಬೇರೆ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸುವ ಕಿಣ್ವಗಳನ್ನು) ಕಟ್ಟಿಹಾಕಿರುತ್ತವೆ. ಹಾರ್ಮೋನ್ ಬಂದು ಗ್ರಾಹಕಕ್ಕೆ ಕೂತರೆ ಆ ಗ್ರಾಹಕ ಹೋಗಿ ಪಿಪಿ2ಸಿಯನ್ನು ಹಿಡಿಯುತ್ತದೆ. ಕೈನೇಸ್ ಬಿಡುಗಡೆ ಆಗುತ್ತದೆ.

ಅಲ್ಲಿಂದ ದಾರಿ ಎರಡಾಗುತ್ತದೆ. ಒಂದು ಬೇಗನೆಯದು. ಎಲೆಯ ಬಾಯಿ ಮುಚ್ಚುವ ಕಾವಲು ಕೋಶಗಳಲ್ಲಿ ಮೊದಲೇ ಇರುವ ಪ್ರೋಟೀನ್‌ಗೆ ಫಾಸ್ಫೇಟ್ ಅಂಟುತ್ತದೆ, ನಿಮಿಷಗಳಲ್ಲಿ ಬಾಯಿ ಮುಚ್ಚುತ್ತದೆ. ಇಲ್ಲಿ ಪ್ರೋಟೀನ್‌ನ ಪ್ರಮಾಣ ಬದಲಾಗಬೇಕಿಲ್ಲ. ಮಾಮೂಲಿ ಬ್ಲಾಟ್‌ನಲ್ಲಿ ಇದನ್ನು ಹುಡುಕಿದರೆ ಸಿಗುವುದಿಲ್ಲ. ಇನ್ನೊಂದು ನಿಧಾನದ್ದು. ಜೀನ್‌ಗಳು ಎದ್ದು ಹೊಸ ಪ್ರೋಟೀನ್ ತಯಾರಾಗುತ್ತದೆ. ಒಣಗುವಾಗ ಕೋಶವನ್ನು ಕಾಯುವ ಡಿಹೈಡ್ರಿನ್‌ಗಳು, ಪ್ರೋಲಿನ್ ತಯಾರಿಸುವ ಕಿಣ್ವ, ಬಿಸಿಗೆ ಏಳುವ ಕಾಪು ಪ್ರೋಟೀನ್‌ಗಳು, ಆಕ್ಸಿಜನ್ ವಿಷ ತಗ್ಗಿಸುವ ಕಿಣ್ವಗಳು, ಎಲ್ಲ ಈ ಸಾಲಿನವು. ಇದಕ್ಕೆ ಗಂಟೆಗಳು, ದಿನಗಳು ಬೇಕು.

ನೀವು ಹುಡುಕುತ್ತಿರುವ ಪ್ರೋಟೀನ್ ಯಾವ ದಾರಿಯದು ಅಂತ ಮೊದಲು ಬರೆದಿಟ್ಟುಕೊಳ್ಳಿ. ಇಲ್ಲಿ ನಾನು ಹೇಳುತ್ತಿರುವುದು ಎರಡನೆಯ ದಾರಿಯ ಬಗ್ಗೆ, ಅದರಲ್ಲೂ ಡಿಹೈಡ್ರಿನ್ ಬಗ್ಗೆ.

ದೋಷ: ಎರಡೂ ಲೇನ್ ಒಂದೇ ಥರ

ಮೊದಲ ಪ್ರಶ್ನೆ: ಗಿಡಕ್ಕೆ ನಿಜವಾಗಿ ಬರ ಬಿದ್ದಿತ್ತಾ?

ನನಗೆ ಆದದ್ದನ್ನು ಹೇಳುತ್ತೇನೆ. ಕುಂಡಗಳಲ್ಲಿ ತಲಾ 10 ಕೆಜಿ ಒಣ ಕೆಮ್ಮಣ್ಣು. ಕುಂಡದ ತೂಕ ಅರ್ಧ ಕೆಜಿ. ಮಣ್ಣು ತುಂಬ ನೀರು ಹಿಡಿದರೆ 2 ಲೀಟರ್, ಅಂದರೆ ಒಟ್ಟು 12.5 ಕೆಜಿ. ಬರದ ಕುಂಡಗಳನ್ನು ಆ 2 ಲೀಟರ್ ನೀರಿನ ಶೇಕಡಾ 40ಕ್ಕೆ ನಿಲ್ಲಿಸಿದ್ದೆ, ಅಂದರೆ 11.3 ಕೆಜಿ. ದಿನಾ ಸಂಜೆ ತೂಗಿ, ಕಮ್ಮಿ ಆದಷ್ಟು ನೀರು ಹಾಕುತ್ತಿದ್ದೆ. ಶುಕ್ರವಾರ ಸಂಜೆಯೂ 11.3ಕ್ಕೆ ತಂದು ಹೋದೆ. ಶನಿವಾರ, ಭಾನುವಾರ ಬರಲಿಲ್ಲ. ಸೋಮವಾರ ಬೆಳಿಗ್ಗೆ ತೂಗಿ, ಪುಸ್ತಕದಲ್ಲಿ ಬರೆದು, ಎಲೆ ಕೊಯ್ದೆ. ಬ್ಲಾಟ್‌ನಲ್ಲಿ ಏನೂ ಬರಲಿಲ್ಲ. ಒಂದು ತಿಂಗಳು ಆಂಟಿಬಾಡಿಯ ಜೊತೆ ಗುದ್ದಾಡಿದೆ.

ಆಮೇಲೆ ಒಂದು ದಿನ ಪುಸ್ತಕ ತಿರುವಿದಾಗ ಕಂಡಿತು. ಸೋಮವಾರದ ತೂಕ 11.7. ಎರಡು ದಿನ ಬಿಸಿಲು ಕಂಡ ಕುಂಡ 11 ಕೆಜಿಗಿಂತ ಕೆಳಗೆ ಇರಬೇಕಿತ್ತು, ಅಲ್ವಾ? ನನ್ನ ಕೈಯಲ್ಲೇ ಬರೆದ ಅಂಕಿ, ಆದರೂ ಗಮನಿಸಿರಲಿಲ್ಲ. ಪಾಲಿಹೌಸ್ ನೋಡಿಕೊಳ್ಳುವ ಹಿರಿಯರನ್ನು ಕೇಳಿದೆ. "ಅಣ್ಣಾ, ಶನಿವಾರ ಈ ಸಾಲಿಗೆ ನೀರು ಏನಾದ್ರೂ ಹಾಕಿದ್ರಾ?"

"ಹೂಂ ಮೇಡಂ. ಎಲೆ ಎಲ್ಲ ಸುತ್ಕೊಂಡು ನಿಂತಿದ್ವು. ನೋಡಕ್ಕಾಗ್ಲಿಲ್ಲ. ಒಂದೊಂದು ಚೊಂಬು ಹಾಕ್ದೆ."

ತಪ್ಪು ಅವರದಲ್ಲ. ಬಾಡಿದ ಪೈರಿಗೆ ನೀರು ಹಾಕುವುದು ಅವರು ಬಾಳಿಡೀ ಮಾಡಿಕೊಂಡು ಬಂದ ಕೆಲಸ. ಇದು ಪ್ರಯೋಗ ಅಂತ ನಾನು ಅವರಿಗೆ ಹೇಳಿರಲಿಲ್ಲ.

ಹಾಗಾಗಿ ಮೊದಲು ಮಾಡಬೇಕಾದದ್ದು ಇಷ್ಟು. ತೂಕದ ಪುಸ್ತಕ ತೆಗೆಯಿರಿ. ಬರದ ಕುಂಡದ ತೂಕ ನೀವು ಹಾಕಿದ ನೀರಿಗಿಂತ ಜಾಸ್ತಿ ಏರಿದ ದಿನ ಇದೆಯೇ ನೋಡಿ. ಒಂದು ದಿನ ಸಿಕ್ಕರೂ ಆ ಬ್ಯಾಚ್‌ನ ಎಲೆ ಬಿಡಿ.

ಎರಡನೆಯದು, ಎಲೆಯ ನೀರು. ಮಣ್ಣು ಒಣಗಿದೆ ಅಂದ ಮಾತ್ರಕ್ಕೆ ಎಲೆ ಒಣಗಿದೆ ಅಂತ ಅಲ್ಲ. ರಾಗಿ ಬೇರು ಗಟ್ಟಿ, ಎಲೆ ಸುತ್ತಿಕೊಂಡು ನೀರು ಉಳಿಸುತ್ತದೆ. ಪ್ರೋಟೀನ್‌ಗೆ ಎಲೆ ಕೊಯ್ಯುವಾಗಲೇ ಅದೇ ಎಲೆಯಿಂದ ಮೂರು ನಾಲ್ಕು ಸೆಂಟಿಮೀಟರ್ ತುಂಡು ಕತ್ತರಿಸಿ ತಕ್ಷಣ ತೂಗಿ. ಬಟ್ಟಿ ಇಳಿಸಿದ ನೀರಿನಲ್ಲಿ ನಾಲ್ಕು ಗಂಟೆ ತೇಲಿಬಿಟ್ಟು, ಮೇಲಿನ ನೀರು ಒರೆಸಿ, ಮತ್ತೆ ತೂಗಿ. ಆಮೇಲೆ 80 ಡಿಗ್ರಿಯ ಒವನ್‌ನಲ್ಲಿ ಎರಡು ದಿನ ಒಣಗಿಸಿ ತೂಗಿ. ಹಸಿ ತೂಕ 170 ಮಿಲಿಗ್ರಾಂ, ನೀರು ಕುಡಿದ ಮೇಲೆ 250, ಒಣಗಿದ ಮೇಲೆ 50 ಅಂತ ಇಟ್ಟುಕೊಳ್ಳಿ. ಎಲೆಯಲ್ಲಿ ಇದ್ದ ನೀರು 120, ಇರಬಹುದಾಗಿದ್ದ ನೀರು 200. ಹಾಗಾದರೆ ಶೇಕಡಾ 60. ನೀರು ಚೆನ್ನಾಗಿರುವ ಎಲೆ 90ರ ಆಸುಪಾಸು ಇರುತ್ತದೆ. ನಿಮ್ಮ ಬರದ ಎಲೆ 85 ತೋರಿಸುತ್ತಿದ್ದರೆ ಅದಕ್ಕೆ ಇನ್ನೂ ಕಷ್ಟ ಬಂದೇ ಇಲ್ಲ. ಬ್ಯಾಂಡ್ ಬರದಿದ್ದರೆ ಅದು ದೋಷವೇ ಅಲ್ಲ.

ಮೂರನೆಯದು, ಒಣಗಿದ ವೇಗ. ಸಣ್ಣ ಪಾಲಿಥೀನ್ ಚೀಲದಲ್ಲಿ ಬೆಳೆಸಿದರೆ ಎರಡೇ ದಿನಕ್ಕೆ ಮಣ್ಣು ಒಣಗಿ ಗಿಡ ಬಾಡಿ ಬೀಳುತ್ತದೆ. ಹೊಲದಲ್ಲಿ ಬರ ಹಾಗೆ ಬರುವುದಿಲ್ಲ, ವಾರಗಟ್ಟಲೆ ನಿಧಾನವಾಗಿ ಏರುತ್ತದೆ. ಆ ನಿಧಾನದಲ್ಲೇ ಗಿಡ ಹೊಸ ಪ್ರೋಟೀನ್ ಕಟ್ಟಿಕೊಳ್ಳುವುದು. ಗಡಿಬಿಡಿಯಲ್ಲಿ ಒಣಗಿಸಿದರೆ ಕಟ್ಟುವುದಕ್ಕೆ ಸಮಯವೇ ಸಿಗುವುದಿಲ್ಲ. ನನ್ನನ್ನು ಕೇಳಿದರೆ ದೊಡ್ಡ ಕುಂಡಕ್ಕೆ ಜಾಗ ಇಲ್ಲದಿದ್ದರೆ ಕುಂಡಗಳ ಸಂಖ್ಯೆ ಕಮ್ಮಿ ಮಾಡಿ, ಕುಂಡದ ಗಾತ್ರ ಕಮ್ಮಿ ಮಾಡಬೇಡಿ.

ಇಷ್ಟೆಲ್ಲ ಸರಿ ಇದೆ ಅಂದರೆ ಈಗ ಜೆಲ್ ಕಡೆ ಬನ್ನಿ. ಎಲೆಯ ರಸದಲ್ಲಿ ರುಬಿಸ್ಕೋ ಅನ್ನುವ ಒಂದೇ ಪ್ರೋಟೀನ್ ಊರಗೌಡನ ಹಾಗೆ ಕೂತಿರುತ್ತದೆ. ಭತ್ತ, ಗೋಧಿ, ಕಡಲೆಕಾಯಿಯಂಥ ಗಿಡಗಳಲ್ಲಿ ಎಲೆಯ ಕರಗುವ ಪ್ರೋಟೀನ್‌ನ ಅರ್ಧದಷ್ಟು ಅದೇ ಇರಬಹುದು. ರಾಗಿ ಸಿ4 ಗಿಡ (ಗಾಳಿಯ ಇಂಗಾಲವನ್ನು ಬೇರೆ ದಾರಿಯಲ್ಲಿ ಹಿಡಿಯುವ ಗುಂಪಿನದು), ಅದರಲ್ಲಿ ರುಬಿಸ್ಕೋ ಸ್ವಲ್ಪ ಕಮ್ಮಿ. ಆದರೆ ಪೆಪ್ ಕಾರ್ಬಾಕ್ಸಿಲೇಸ್ ಅನ್ನುವ ಇನ್ನೊಂದು ದಪ್ಪ ಬ್ಯಾಂಡ್ ಮೇಲೆ ಬರುತ್ತದೆ. ಇವುಗಳ ನಡುವೆ ಚೂರೇ ಚೂರು ಇರುವ ಡಿಹೈಡ್ರಿನ್ ಕಾಣುವುದು ಕಷ್ಟ.

ಇದಕ್ಕೆ ಒಂದು ಒಳ್ಳೆಯ ಉಪಾಯ ಇದೆ: ಕುದಿಸಿ. ಮೊಟ್ಟೆ ಬೇಯಿಸಿದರೆ ಗಟ್ಟಿಯಾಗುತ್ತದೆ, ಹಾಲು ಕುದಿಸಿದರೆ ಹಾಲಾಗಿಯೇ ಇರುತ್ತದೆ. ಮೊಟ್ಟೆಯ ಬಿಳಿಯಲ್ಲಿರುವ ಪ್ರೋಟೀನ್ ಅಚ್ಚುಕಟ್ಟಾಗಿ ಮಡಿಸಿಕೊಂಡಿರುತ್ತದೆ. ಬಿಸಿಗೆ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಾಲಿನ ಕೇಸೀನ್‌ಗೆ ಅಂಥ ಗಟ್ಟಿ ಮಡಿಕೆ ಇಲ್ಲ, ಹಾಗಾಗಿ ಕೆಡುವುದಕ್ಕೂ ಏನಿಲ್ಲ. ಡಿಹೈಡ್ರಿನ್ ಕೂಡ ಹಾಗೆ. ನೀರನ್ನು ಪ್ರೀತಿಸುವ ಸಡಿಲ ದಾರ ಅದು, ಕುದಿಸಿದರೂ ಕರಗಿಯೇ ಇರುತ್ತದೆ. ಎಸ್‌ಡಿಎಸ್ (ಪ್ರೋಟೀನ್ ಬಿಚ್ಚಿಸುವ ಸೋಪಿನಂಥ ಪದಾರ್ಥ) ಇಲ್ಲದ ಟ್ರಿಸ್ ಬಫರ್‌ನಲ್ಲಿ ಎಲೆಪುಡಿ ಕಲಸಿ, ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿ ಇಡಿ. ಟ್ಯೂಬ್ ಒಳಗೆ ಹಸಿರು ಬೆರೆತ ಬಿಳಿ ಚೂರುಗಳು ಕಟ್ಟಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಮಂಜುಗಡ್ಡೆಯಲ್ಲಿ ತಣಿಸಿ ಮತ್ತೆ ಸೆಂಟ್ರಿಫ್ಯೂಜ್ ಮಾಡಿದರೆ ಆ ಚೂರೆಲ್ಲ ತಳಕ್ಕೆ ಹೋಗುತ್ತದೆ. ರುಬಿಸ್ಕೋ ಹೋಯಿತು. ಮೇಲಿನ ತಿಳಿಯಲ್ಲಿ ಉಳಿದದ್ದೇ ನಿಮಗೆ ಬೇಕಾದದ್ದು. ತಣ್ಣನೆಯ ಅಸಿಟೋನ್ ಹಾಕಿ ಇಳಿಸಿಕೊಂಡು ಜೆಲ್‌ಗೆ ಹಾಕಿ.

ಇಲ್ಲೇ ಒಂದು ಗುಂಡಿ ಇದೆ, ತುಂಬ ಜನ ಬೀಳುತ್ತಾರೆ. ಕುದಿಸಿದ ಮೇಲೆ ಮತ್ತೆ ಪ್ರೋಟೀನ್ ಅಳೆದು ಎರಡೂ ಲೇನ್‌ಗೆ ಸಮನಾಗಿ ಹಾಕಿಬಿಡುತ್ತಾರೆ. ಯೋಚನೆ ಮಾಡಿ. ಬರದ ಎಲೆಯಲ್ಲಿ ಕುದಿಗೆ ಕೆಡದ ಪ್ರೋಟೀನ್ ಜಾಸ್ತಿ ಆಗಿದೆ ಅನ್ನುವುದೇ ನೀವು ತೋರಿಸಬೇಕಾದ ವಿಷಯ. ಅದನ್ನು ಸಮ ಮಾಡಿ ಹಾಕಿದರೆ ವ್ಯತ್ಯಾಸವನ್ನು ನೀವೇ ಅಳಿಸಿದ ಹಾಗೆ. ಕುದಿಸುವ ಮೊದಲು ಅಳೆಯಿರಿ. ಎರಡೂ ಕಡೆ ಒಂದೇ ಪ್ರಮಾಣ, ಉದಾಹರಣೆಗೆ 500 ಮೈಕ್ರೋಗ್ರಾಂ ತೆಗೆದುಕೊಂಡು ಕುದಿಸಿ. ಆಮೇಲೆ ಉಳಿದದ್ದನ್ನು ಸಮ ಪರಿಮಾಣದಲ್ಲಿ ಕರಗಿಸಿ, ಸಮ ಪರಿಮಾಣ ಹಾಕಿ. ಕುದಿಸಿದ ತಿಳಿಯನ್ನು 280 ನ್ಯಾನೋಮೀಟರ್‌ನಲ್ಲಿ ಅಳೆಯುವುದಂತೂ ಬೇಡವೇ ಬೇಡ. ಆ ಬೆಳಕನ್ನು ಹೀರುವುದರಲ್ಲಿ ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲದ ಪಾಲು ದೊಡ್ಡದು. ಡಿಹೈಡ್ರಿನ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದೇ ಇಲ್ಲ.

ದೋಷ: ನೀರು ಹಾಕಿದ ಗಿಡದಲ್ಲೂ ಬ್ಯಾಂಡ್ ಬಂದಿದೆ

ಎಷ್ಟು ಗಂಟೆಗೆ ಕೊಯ್ದಿರಿ? ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಪಾಲಿಹೌಸ್ ಒಳಗೆ ಹೋಗಿ ನೋಡಿ. ಬುಡದಲ್ಲಿ ಮಣ್ಣು ಹಸಿಯಾಗಿದ್ದರೂ ಎಲೆಯ ಅಂಚು ಒಳಕ್ಕೆ ಮಡಿಸಿರುತ್ತದೆ. ಬೇರು ಕೊಡುವುದಕ್ಕಿಂತ ಎಲೆ ಕಳೆಯುವುದು ಜಾಸ್ತಿ. ಆ ಹೊತ್ತಿನಲ್ಲಿ ನೀರಿನ ಗಿಡವೂ ಸ್ವಲ್ಪ ಬರದ ಗಿಡವೇ. ಬೆಳಿಗ್ಗೆ ಕೊಯ್ಯಿರಿ, ದಿನಾ ಅದೇ ಹೊತ್ತಿಗೆ.

ಕೊಯ್ಯುವ ಕ್ರಮವನ್ನೂ ನೋಡಿ. ನೀರಿನ ಗಿಡಗಳನ್ನೆಲ್ಲ ಮೊದಲು ಕೊಯ್ದು, ಆಮೇಲೆ ಬರದ್ದನ್ನು ಕೊಯ್ದರೆ ನಡುವೆ ಒಂದು ಗಂಟೆ ಕಳೆದಿರುತ್ತದೆ. ಒಂದು ನೀರಿನದು, ಒಂದು ಬರದ್ದು, ಹೀಗೆ ಜೋಡಿಯಾಗಿ ಕೊಯ್ಯಿರಿ. ಎಲೆ ಕೈಯಲ್ಲಿ ಹಿಡಿದು ಮಾತಾಡುತ್ತಾ ನಿಲ್ಲಬೇಡಿ. ಕತ್ತರಿಸಿದ ಎಲೆ ಕತ್ತರಿಸಿದ ಕ್ಷಣದಿಂದಲೇ ಒಣಗುತ್ತಿರುತ್ತದೆ. ಲಿಕ್ವಿಡ್ ನೈಟ್ರೋಜನ್ ಪಕ್ಕದಲ್ಲೇ ಇರಲಿ.

ಸಸಿಯ ವಯಸ್ಸೂ ಒಂದು ಕಾರಣ ಆಗಬಹುದು. ಬೀಜ ಬಲಿಯುವಾಗ ಡಿಹೈಡ್ರಿನ್‌ನಂಥ ಪ್ರೋಟೀನ್‌ಗಳು ತುಂಬಿಕೊಳ್ಳುತ್ತವೆ. 1981ರಲ್ಲಿ ಲಿಯಾನ್ ಡ್ಯೂರ್ ಮತ್ತು ಜೊತೆಗಾರರು ಈ ಗುಂಪನ್ನು ಮೊದಲು ಗುರುತಿಸಿದ್ದೇ ಹತ್ತಿ ಬೀಜದಲ್ಲಿ. ಮೊಳೆತು ನಾಲ್ಕೈದು ದಿನದ ಸಸಿಯಲ್ಲಿ ಬೀಜದ ಬಾಕಿ ಇನ್ನೂ ಉಳಿದಿರಬಹುದು. ಚಳಿಗೂ ಉಪ್ಪಿಗೂ ಇವು ಏಳುತ್ತವೆ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ನೀರು ಹಾಕಿದ ಕುಂಡದಲ್ಲೇ ಉಪ್ಪು ಕಟ್ಟುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅನುಮಾನ ಪಡಿ.

ದೋಷ: ಬ್ಯಾಂಡ್ ಇದೆ, ಆದರೆ ಜಾಗ ತಪ್ಪು

ಇದು ಬಹುತೇಕ ದೋಷ ಅಲ್ಲ. ಡಿಹೈಡ್ರಿನ್‌ಗೆ ಎಸ್‌ಡಿಎಸ್ ಕಮ್ಮಿ ಅಂಟುತ್ತದೆ, ಜೆಲ್‌ನಲ್ಲಿ ನಿಧಾನವಾಗಿ ಓಡುತ್ತದೆ, ತೂಕ ಜಾಸ್ತಿ ಇದ್ದ ಹಾಗೆ ಕಾಣುತ್ತದೆ. ಪ್ರಯೋಗಕ್ಕೆ ಬಳಸುವ ಅರಬಿಡಾಪ್ಸಿಸ್ ಗಿಡದ ಸಿಒಆರ್47 ಅನ್ನುವುದಕ್ಕೆ ಆ ಹೆಸರು ಬಂದದ್ದು ಜೆಲ್‌ನಲ್ಲಿ 47 ಕಿಲೋಡಾಲ್ಟನ್ ಹತ್ತಿರ ಕಂಡಿತು ಅಂತ. ಜೀನ್ ಓದಿ ಲೆಕ್ಕ ಹಾಕಿದರೆ ಅದರ ತೂಕ ಸುಮಾರು 30. ಹಾಗಾಗಿ ಪುಸ್ತಕದ ತೂಕದ ಜಾಗದಲ್ಲಿ ಇಲ್ಲ ಅಂತ ಬ್ಲಾಟ್‌ನ ಮೇಲ್ಭಾಗ ಕತ್ತರಿಸಿ ಎಸೆಯಬೇಡಿ.

ದೋಷ: ಬರದ ಲೇನ್ ಮಾತ್ರ ಬೆರಳಲ್ಲಿ ಉಜ್ಜಿದ ಹಾಗಿದೆ

ನೀರಿನ ಲೇನ್ ಚೊಕ್ಕಟ, ಬರದ ಲೇನ್ ಮೇಲಿಂದ ಕೆಳಗೆ ಮಸುಕು. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ.

ಮೊದಲನೆಯದು, ಪ್ರೋಟೀನ್ ಕತ್ತರಿಸುವ ಕಿಣ್ವಗಳು. ಮಾಂಸ ಬೇಗ ಬೇಯಲಿ ಅಂತ ಪರಂಗಿಕಾಯಿ ಚೂರು ಹಾಕುತ್ತಾರಲ್ವಾ, ಅದರ ಹಾಲಿನಲ್ಲಿರುವ ಪಪೈನ್ ಜಾತಿಯ ಕಿಣ್ವಗಳೇ ಬರದ ಎಲೆಯಲ್ಲೂ ಏರುತ್ತವೆ. ಅರಬಿಡಾಪ್ಸಿಸ್‌ನಲ್ಲಿ ಬರಕ್ಕೆ ಏಳುವ ಆರ್‌ಡಿ19, ಆರ್‌ಡಿ21 ಅನ್ನುವ ಜೀನ್‌ಗಳನ್ನು ಜಪಾನಿನ ತಂಡವೊಂದು 1993ರಲ್ಲಿ ವಿವರಿಸಿತು. ಅವೆರಡೂ ಈ ಜಾತಿಯವೇ. ಕತ್ತರಿಸುವ ಕಿಣ್ವ ತಡೆಯಲು ನಾವು ರೂಢಿಯಿಂದ ಹಾಕುವುದು ಪಿಎಂಎಸ್‌ಎಫ್. ಅದು ತಡೆಯುವುದು ಮುಖ್ಯವಾಗಿ ಇನ್ನೊಂದು ಜಾತಿಯನ್ನು, ಸೆರೀನ್ ಕಿಣ್ವಗಳನ್ನು. ಪಪೈನ್ ಜಾತಿಗೆ ಇ-64 ಬೇಕು, ಇಲ್ಲವೇ ಎರಡಕ್ಕೂ ಆಗುವ ಮಿಶ್ರಣ. ಪಿಎಂಎಸ್‌ಎಫ್ ನೀರಿನಲ್ಲಿ ಬಹಳ ಹೊತ್ತು ಬಾಳುವುದೂ ಇಲ್ಲ. ಬೆಳಿಗ್ಗೆ ಬಫರ್‌ಗೆ ಹಾಕಿಟ್ಟು ಸಂಜೆ ಬಳಸಿದರೆ ಸುಮ್ನೆ ನೀರು ಬಳಸಿದ ಹಾಗೆ. ಐಸೊಪ್ರೊಪನಾಲ್‌ನಲ್ಲಿ ಕರಗಿಸಿಟ್ಟು, ಎಲೆ ಕಲಸುವ ಕ್ಷಣಕ್ಕೆ ಹಾಕಿ. ಅದು ವಿಷ, ಕೈಗವಸು ಮರೆಯಬೇಡಿ.

ಎರಡನೆಯದು, ಫೀನಾಲ್‌ಗಳು. ಅರೆದ ರಸ ಕಂದು ಬಣ್ಣಕ್ಕೆ ತಿರುಗಿತಾ? ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವುದು ಇದೇ ಕಾರಣಕ್ಕೆ. ಈ ಕಂದು ಪ್ರೋಟೀನ್‌ಗೆ ಅಂಟಿ ಗೋಜಲು ಮಾಡುತ್ತದೆ. ಕಡಲೆಕಾಯಿ ಎಲೆಯಲ್ಲಿ ಈ ಕಾಟ ರಾಗಿಗಿಂತ ಜಾಸ್ತಿ. ಕುಟ್ಟಾಣಿಯಲ್ಲಿ ಎಲೆ ಅರೆಯುವಾಗಲೇ ಫೀನಾಲ್ ಹಿಡಿದುಕೊಳ್ಳುವ ಪಿವಿಪಿಪಿ ಪುಡಿ ಹಾಕಿ, ಬಫರ್‌ನಲ್ಲಿ ಕಂದಾಗುವುದನ್ನು ತಡೆಯುವ ಡಿಟಿಟಿ ಇರಲಿ. ಅಷ್ಟಕ್ಕೂ ಬಗ್ಗದಿದ್ದರೆ ಟಿಸಿಎ ಅನ್ನುವ ಆಮ್ಲ ಬೆರೆಸಿದ ತಣ್ಣನೆಯ ಅಸಿಟೋನ್‌ನಲ್ಲಿ ಪುಡಿಯನ್ನು ತೊಳೆಯಿರಿ. ಪುಡಿಯ ಹಸಿರು ಹೋಗಿ ಬಿಳಿಯಾಗುವ ತನಕ ಅಸಿಟೋನ್ ಬದಲಿಸುತ್ತಾ ಇರಿ. ಇದು ಒಟ್ಟು ಪ್ರೋಟೀನ್ ನೋಡುವ ಜೆಲ್‌ಗೆ. ಕುದಿಸುವ ಉಪಾಯಕ್ಕೆ ಮಾತ್ರ ತೊಳೆಯದ ಪುಡಿಯನ್ನೇ ಬಳಸಿ.

ದೋಷ: ಅಂಕಿಯಲ್ಲಿ ಪ್ರೋಟೀನ್ ಜಾಸ್ತಿ, ಜೆಲ್‌ನಲ್ಲಿ ಇಲ್ಲ

ಒಂದು ಗ್ರಾಂ ಹಸಿ ಎಲೆಗೆ ಇಷ್ಟು ಪ್ರೋಟೀನ್ ಅಂತ ಲೆಕ್ಕ ಹಾಕಿದಿರಾ? ಹಾಗಾದರೆ ಕಾರಣ ಸಿಕ್ಕಿತು. ನೀರು ತುಂಬಿದ 100 ಮಿಲಿಗ್ರಾಂ ಎಲೆಯಲ್ಲಿ 20 ಒಣ ಪದಾರ್ಥ, 80 ನೀರು ಇದೆ ಅನ್ನಿ. ಬರದಲ್ಲಿ ನೀರು ಶೇಕಡಾ 60ಕ್ಕೆ ಇಳಿದರೆ ಉಳಿದ ನೀರು 48, ಎಲೆಯ ತೂಕ 68. ಒಳಗಿನ ಪ್ರೋಟೀನ್ ಚೂರೂ ಬದಲಾಗಿಲ್ಲ. ಆದರೆ ಗ್ರಾಂ ಲೆಕ್ಕದಲ್ಲಿ ಶೇಕಡಾ 47 ಏರಿದ ಹಾಗೆ ಕಾಣುತ್ತದೆ. ಹಣ್ಣು ಒಣಗಿಸಿದರೆ ಸಿಹಿ ಏರಿದ ಹಾಗೆ. ಒಣ ತೂಕಕ್ಕೆ ಲೆಕ್ಕ ಹಾಕಿ.

ಲೇನ್ ಸಮ ಇದೆಯಾ ಅಂತ ನೋಡಲು ರುಬಿಸ್ಕೋ ಬ್ಯಾಂಡನ್ನು ನಂಬಬೇಡಿ. ಬರ ಜೋರಾದಾಗ ಅದೇ ಇಳಿಯುತ್ತದೆ. ಕೆಳಗಿನ ಹಣ್ಣೆಲೆ ಕೊಯ್ದರೂ ಇಳಿಯುತ್ತದೆ, ಅಲ್ಲಿ ಬರದ ಪಾಲೆಷ್ಟು, ಮುಪ್ಪಿನ ಪಾಲೆಷ್ಟು ಅಂತ ಬೇರ್ಪಡಿಸಲು ಆಗುವುದಿಲ್ಲ. ಎಲ್ಲ ಗಿಡದಲ್ಲೂ ಮೇಲಿನಿಂದ ಮೂರನೆಯ, ಪೂರ್ತಿ ಬಿಚ್ಚಿದ ಎಲೆಯನ್ನೇ ತೆಗೆದುಕೊಳ್ಳಿ. ಬ್ಲಾಟ್ ಪೊರೆಯನ್ನು ಎಲ್ಲ ಪ್ರೋಟೀನ್‌ಗೂ ಹತ್ತುವ ಪಾಂಸೋ ಬಣ್ಣದಲ್ಲಿ ಅದ್ದಿ ಇಡೀ ಲೇನ್ ನೋಡಿ.

ಈಗ ಬೇಕಾದರೆ ಆಂಟಿಬಾಡಿ

ಎಲ್ಲವೂ ಸರಿ ಇದೆ, ಆದರೂ ಬ್ಯಾಂಡ್ ಇಲ್ಲ. ದುಡ್ಡು ಖರ್ಚು ಮಾಡುವ ಮೊದಲು ಡಬ್ಬದಿಂದ ಒಂದು ಹಿಡಿ ರಾಗಿ ತೆಗೆದು ಅರೆದು, ಅದೇ ಬಫರ್‌ನಲ್ಲಿ ಕಲಸಿ, ಕುದಿಸಿ, ಒಂದು ಲೇನ್‌ಗೆ ಹಾಕಿ. ಒಣಗಿದ ಬೀಜಕ್ಕಿಂತ ದೊಡ್ಡ ಬರ ಯಾವುದಿದೆ? ಬೀಜದ ಲೇನ್‌ನಲ್ಲಿ ಬ್ಯಾಂಡ್ ಬಂದರೆ ಆಂಟಿಬಾಡಿ ಕೆಲಸ ಮಾಡುತ್ತಿದೆ. ಅಲ್ಲೂ ಬರದಿದ್ದರೆ ಪೊರೆಗೆ ಪ್ರೋಟೀನ್ ಇಳಿದಿದೆಯೇ ನೋಡಿ. ಸಣ್ಣ ಡಿಹೈಡ್ರಿನ್ 0.45 ಮೈಕ್ರಾನ್ ಪೊರೆಯನ್ನು ದಾಟಿ ಹೋಗಿಬಿಡಬಹುದು, 0.2 ಬಳಸಿ.

ಬೇರೆ ಬೆಳೆಗೆ ಮಾಡಿದ ಆಂಟಿಬಾಡಿ ರಾಗಿಗೆ ಹಿಡಿಯುತ್ತದಾ ಅನ್ನುವ ಅನುಮಾನ ಬರುತ್ತದೆ. ಡಿಹೈಡ್ರಿನ್‌ಗಳಲ್ಲಿ ಕೆ-ತುಣುಕು ಅನ್ನುವ 15 ಅಮೈನೋ ಆಮ್ಲಗಳ ಸಾಲು ಇದೆ, ಗಿಡದಿಂದ ಗಿಡಕ್ಕೆ ಹೆಚ್ಚು ಬದಲಾಗುವುದಿಲ್ಲ. ತಿಮೊಥಿ ಕ್ಲೋಸ್ ಮತ್ತು ಜೊತೆಗಾರರು 1993ರಲ್ಲಿ ಆ ಸಾಲಿಗೇ ಆಂಟಿಬಾಡಿ ಮಾಡಿ ಹಲವು ಗಿಡಗಳಲ್ಲಿ ತೋರಿಸಿದರು. ಅಂಥದ್ದನ್ನೇ ಆರಿಸಿ. ಕಂಡ ಬ್ಯಾಂಡ್ ನಿಜವೇ ಅಂತ ತಿಳಿಯಲು ಆಂಟಿಬಾಡಿಗೆ ಮೊದಲು ಆ 15ರ ಪೆಪ್ಟೈಡನ್ನು ಬೆರೆಸಿ, ಆಮೇಲೆ ಬ್ಲಾಟ್‌ಗೆ ಹಾಕಿ. ನಿಜವಾದ ಬ್ಯಾಂಡ್ ಆಗ ಮಾಯವಾಗುತ್ತದೆ. ಉಳಿದದ್ದು ಸುಳ್ಳು ಬ್ಯಾಂಡ್.

ನೀರು ಹಾಕಿ ನೋಡಿ

ಬ್ಯಾಂಡ್ ಬಂದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಇದು ನೀರಿಲ್ಲದ್ದಕ್ಕೇ ಬಂತಾ, ಅಥವಾ ಬಿಸಿಲು, ಹುಳ, ಗೊಬ್ಬರ ಕಮ್ಮಿ, ಇಂಥ ಇನ್ಯಾವುದಕ್ಕೋ? ಬರದ ಕುಂಡಗಳಲ್ಲಿ ಮೂರನ್ನು ಬೇರೆ ಇಡಿ. ಮಿಕ್ಕವನ್ನು ಕೊಯ್ಯುವ ಎರಡು ದಿನ ಮೊದಲು ಇವಕ್ಕೆ ಹೊಟ್ಟೆ ತುಂಬ ನೀರು ಕೊಡಿ. ಎಲ್ಲವನ್ನೂ ಒಂದೇ ಹೊತ್ತಿಗೆ ಕೊಯ್ದು ಪಕ್ಕ ಪಕ್ಕದ ಲೇನ್‌ಗೆ ಹಾಕಿ. ನೀರು ಕಂಡ ಗಿಡದಲ್ಲಿ ಬ್ಯಾಂಡ್ ತೆಳ್ಳಗಾದರೆ ಅದು ನೀರಿನ ಕೊರತೆಯ ಬ್ಯಾಂಡೇ. ಅಷ್ಟೇ ದಪ್ಪ ಉಳಿದರೆ ಬೇರೆ ಕಾರಣ ಹುಡುಕಿ.

ಇದು ನನಗೆ ಹೊಳೆದದ್ದು ಆ ಚೊಂಬು ನೀರಿನಿಂದ. ಆ ಸೋಮವಾರದ ಎಲೆಗಳನ್ನು ನಾನು ಎಸೆಯಲಿಲ್ಲ. ಫ್ರೀಜರ್‌ನಲ್ಲಿ ಇದ್ದವು. ಮುಂದಿನ ಸಲ ಸರಿಯಾಗಿ ಬರ ಕೊಟ್ಟ ಎಲೆಯ ಪಕ್ಕದಲ್ಲಿ ಅವನ್ನೂ ಓಡಿಸಿದೆ. ಒಂದು ಲೇನ್‌ನಲ್ಲಿ ದಪ್ಪ ಬ್ಯಾಂಡ್, ಪಕ್ಕದಲ್ಲಿ ಕಂಡೂ ಕಾಣದ ಗೆರೆ. ಈಗ ಪ್ರತಿ ಪ್ರಯೋಗದಲ್ಲೂ ಮೂರು ಕುಂಡಕ್ಕೆ ಹಸಿರು ದಾರ ಕಟ್ಟಿರುತ್ತೇನೆ. ಶನಿವಾರ ಸಂಜೆ ಆ ಅಣ್ಣನೇ ಅವಕ್ಕೆ ನೀರು ಹಾಕುತ್ತಾರೆ. ಎಷ್ಟು ಹಾಕಿದೆ, ಎಷ್ಟು ಗಂಟೆಗೆ ಅಂತ ಕುಂಡದ ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡುತ್ತಾರೆ.